ಯಾರಿಗೆ ಆಪ್ತ?

‘ಕೌನ್ಸೆಲಿಂಗ್’ ಎಂಬ ಇಂಗ್ಲಿಷ್ ಮಾತಿಗೆ ಕನ್ನಡದಲ್ಲಿ ‘ಆಪ್ತಸಲಹೆ’ ಎಂಬ ಮಾತು ರೂಢಿಗೆ ಬಂದಿದೆ. ಆಸ್ಪತ್ರೆಗಳಲ್ಲಿ, ಶಾಲೆ ಕಾಲೇಜುಗಳಲ್ಲಿ, ಕೌಟುಂಬಿಕ ನ್ಯಾಯಾಲಯಗಳಲ್ಲಿ ಈಗ ಆಪ್ತಸಲಹೆಗಾರರಿದ್ದಾರೆ. ಆ ವಿದ್ಯೆಯನ್ನು ಕಲಿಸುವ ತರಗತಿಗಳೂ ನಡೆಯುತ್ತಿವೆ. ಪದವೇನೋ ಸೊಗಸಾಗಿದೆ. ಆದರೆ ಸೊಗಸಾದ ಪದಗಳನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಈ ಪದದ ಎರಡು ಭಾಗಗಳಲ್ಲಿಯೂ ಒಂದೊಂದು ತೊಡಕಿದೆ.

‘ಸಲಹೆ’ಯ ತೊಡಕು ಸಣ್ಣದು. ಸಲಹೆ ಕೊಡಲು ಆತುರಪಡಬೇಡ ಎಂಬುದೇ ಈ ವಿದ್ಯೆಯ ಮೊದಲ ಪಾಠ. ಸಲಹೆಯನ್ನು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವನೂ ಕೊಡುತ್ತಾನೆ. ಅದಕ್ಕೆ ತರಬೇತಿ ಬೇಕಾಗಿಲ್ಲ. ನೊಂದವನ ಮಾತನ್ನು ಕೊನೆಯವರೆಗೆ ಕೇಳಿ, ತನ್ನ ದಾರಿಯನ್ನು ತಾನೇ ಕಾಣುವಂತೆ ಅವನಿಗೆ ನೆರವಾಗುವುದಕ್ಕೆ ತರಬೇತಿ ಬೇಕು. ಇಷ್ಟನ್ನು ಒಪ್ಪಿಕೊಂಡರೆ ‘ಸಲಹೆ’ ಎಂಬ ಮಾತನ್ನು ಹಾಗೆಯೇ ಬಿಟ್ಟುಕೊಡಬಹುದು.

‘ಆಪ್ತ’ದ ತೊಡಕು ದೊಡ್ಡದು. ಬಳಕೆಯ ಮಾತಿನಲ್ಲಿ ಆಪ್ತನೆಂದರೆ ಹತ್ತಿರದವನು, ನಮಗೆ ಬೇಕಾದವನು. ತರ್ಕಶಾಸ್ತ್ರದಲ್ಲಿ ಇದೇ ಪದಕ್ಕೆ ಬೇರೆ ಅರ್ಥ. ಇದ್ದದ್ದನ್ನು ಇದ್ದ ಹಾಗೆ ತಿಳಿದು, ತಿಳಿದ ಹಾಗೆ ಹೇಳುವವನು ಅಲ್ಲಿ ಆಪ್ತ. ಅವನ ಮಾತು ಪ್ರಮಾಣ. ಅವನು ನಮಗೆ ನೆಂಟನಾಗಬೇಕಾಗಿಲ್ಲ, ಗೆಳೆಯನಾಗಬೇಕಾಗಿಲ್ಲ. ಈ ಗುಣಕ್ಕೆ ಕುಲಗೋತ್ರಗಳ ಹಂಗಿಲ್ಲವೆಂದು ನ್ಯಾಯಭಾಷ್ಯವನ್ನು ಬರೆದ ವಾತ್ಸ್ಯಾಯನನೂ ಒಪ್ಪುತ್ತಾನೆ. ಒಬ್ಬನೇ ಬಂದು ತನ್ನ ದುಃಖವನ್ನು ತೋಡಿಕೊಂಡಾಗ ಈ ಎರಡು ಅರ್ಥಗಳೂ ಜಗಳವಾಡದೆ ಒಂದೇ ಕುರ್ಚಿಯಲ್ಲಿ ಕೂತಿರಬಹುದು. ಆದರೆ ಗಂಡ, ಹೆಂಡತಿ, ಅತ್ತೆ, ಹರೆಯದ ಮಗ, ಇವರೆಲ್ಲ ಒಟ್ಟಿಗೆ ಬಂದು ಕುಳಿತರೆ? ಆಗ ಆಪ್ತಸಲಹೆಗಾರ ಯಾರಿಗೆ ಆಪ್ತ? ಒಬ್ಬರಿಗೆ ಹತ್ತಿರವಾದರೆ ಉಳಿದ ಮೂವರಿಗೆ ದೂರವಾದ ಹಾಗೆ. ಸಂಸಾರಗಳೊಡನೆ ಕೆಲಸ ಮಾಡುವವರಿಗೆ ಕೊಡಬೇಕಾದ ಶಿಕ್ಷಣದ ಪ್ರಶ್ನೆಯೆಲ್ಲ ಇದರ ಸುತ್ತಲೇ ಇದೆ. ಇದು ಮನಶ್ಶಾಸ್ತ್ರದ ಪ್ರಶ್ನೆಯಂತೆ ಕಂಡರೂ ಮೂಲದಲ್ಲಿ ನೀತಿಯ ಪ್ರಶ್ನೆ.

ಮನೆಯೊಳಗಿನ ಜಗಳಕ್ಕೆ ಹೊರಗಿನವರನ್ನು ಕರೆಯುವುದು ನಮಗೆ ಹೊಸದಲ್ಲ. ಸೋದರಮಾವ ಬರುತ್ತಿದ್ದ, ಊರ ಹಿರಿಯರು ಜಗಲಿಯ ಮೇಲೆ ಕೂಡುತ್ತಿದ್ದರು, ಅಣ್ಣತಮ್ಮಂದಿರು ಪಾಲಿನ ವ್ಯಾಜ್ಯವನ್ನು ಮಠಕ್ಕೆ ಒಯ್ಯುತ್ತಿದ್ದರು. ಅವರಿಗೆ ಮನೆಯ ಮೂರು ತಲೆಮಾರಿನ ಚರಿತ್ರೆ ಗೊತ್ತಿತ್ತು; ಯಾರ ಮುನಿಸು ಎಲ್ಲಿಂದ ಹುಟ್ಟಿತೆಂದು ಕೇಳದೆಯೇ ತಿಳಿಯುತ್ತಿತ್ತು. ಈ ತಿಳಿವಳಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಹಿರಿಯರು ಕಾಯುತ್ತಿದ್ದದ್ದು ಮುಖ್ಯವಾಗಿ ಮನೆಯ ಮಾನವನ್ನು. ಜಗಳ ನಿಂತರೆ ಅವರ ಕೆಲಸ ಮುಗಿಯಿತು. ಬಾಗುವುದಕ್ಕೆ ಯಾರಿಗೆ ಅಭ್ಯಾಸವಿದೆಯೋ ಅವರನ್ನು ಇನ್ನೊಂದಿಷ್ಟು ಬಾಗಿಸಿದರೆ ಜಗಳ ಬೇಗ ನಿಲ್ಲುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಹೆಚ್ಚಿನ ಮನೆಗಳಲ್ಲಿ ಬಾಗಿದವಳು ಸೊಸೆ.

ನಮ್ಮ ಗಾದೆಗಳಲ್ಲಿ ಈ ವಿಷಯದ ಎರಡು ಮುಖಗಳೂ ಇವೆ. ‘ಗಂಡಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಒಂದು ಗಾದೆ ನಗುತ್ತದೆ. ‘ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂದು ಇನ್ನೊಂದು ಗಾದೆ ನಿಟ್ಟುಸಿರು ಬಿಡುತ್ತದೆ. ಮೊದಲನೆಯದನ್ನು ಆಡಿದವರು ಜಗಲಿಯಲ್ಲಿ ಕುಳಿತಿದ್ದಿರಬೇಕು. ಎರಡನೆಯದನ್ನು ಆಡಿದವರು ತೊಟ್ಟಿಲ ಪಕ್ಕದಲ್ಲಿ. ಮನೆ ಒಂದೇ, ಕೂತ ಜಾಗ ಬೇರೆ. ಸಂಸಾರದ ಸಲಹೆಗಾರನು ಎರಡೂ ಜಾಗಗಳಲ್ಲಿ ಕೂತು ನೋಡಬಲ್ಲವನಾಗಬೇಕು. ಅದು ಸುಲಭವಾಗಿ ಬರುವ ವಿದ್ಯೆಯಲ್ಲ.

ರೋಗಿಯ ಜೊತೆಗೆ ಅವನ ಮನೆಯನ್ನೂ ನೋಡಬೇಕೆಂಬ ವಿಚಾರ ವೈದ್ಯಶಾಸ್ತ್ರಕ್ಕೆ ನಿಧಾನವಾಗಿ ಬಂದಿತು. ಪಶ್ಚಿಮದಲ್ಲಿ ಮನಸ್ಸಿನ ಚಿಕಿತ್ಸೆಯೆಂದರೆ ಮುಚ್ಚಿದ ಬಾಗಿಲ ಹಿಂದೆ ಒಬ್ಬ ವೈದ್ಯ, ಒಬ್ಬ ರೋಗಿ ಎಂದೇ ಬಹುಕಾಲ ನಡೆಯಿತು. ಮನೆಯವರನ್ನು ಕೋಣೆಯ ಹೊರಗೆ ಕೂರಿಸುವುದೇ ಅಲ್ಲಿ ನಿಯಮ. ಅಮೆರಿಕದಲ್ಲಿ ನೇಥನ್ ಆಕರ್‌ಮನ್ 1958ರಲ್ಲಿಯೂ ವರ್ಜೀನಿಯಾ ಸಟೀರ್ 1964ರಲ್ಲಿಯೂ ಗ್ರಂಥಗಳನ್ನು ಬರೆದು, ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ಮಾತನಾಡಿಸುವ ಕ್ರಮಕ್ಕೆ ಶಾಸ್ತ್ರದ ಆಧಾರವನ್ನು ಕಟ್ಟಿದರು. ನಮ್ಮ ದೇಶದಲ್ಲಿ ಇದು ಶಾಸ್ತ್ರಕ್ಕಿಂತ ಮೊದಲು ಅನುಭವದಿಂದ ಬಂದಿತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಅವರು ಆವರಣದಲ್ಲಿಯೇ ಡೇರೆಗಳನ್ನು ಹಾಕಿಸಿ, ರೋಗಿಗಳ ಮನೆಯವರನ್ನು ಅಲ್ಲಿ ಇರಿಸಿಕೊಂಡರು. 1957ರಲ್ಲಿ ಪ್ರಾರಂಭವಾದ ವೆಲ್ಲೂರಿನ ಮಾನಸಿಕ ಆರೋಗ್ಯ ಕೇಂದ್ರದಲ್ಲಿಯೂ ಮನೆಯವರು ರೋಗಿಯ ಜೊತೆಗೆ ಇರುವ ಪದ್ಧತಿ ಬೆಳೆಯಿತು. ಬೆಂಗಳೂರಿನಲ್ಲಿ 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. 1977ರಲ್ಲಿ ಅಲ್ಲಿ ಕುಟುಂಬ ಮನೋವೈದ್ಯಕೀಯಕ್ಕೆಂದೇ ಒಂದು ಕೇಂದ್ರ ತೆರೆಯಿತು. ಮನೆಯನ್ನು ಹೊರಗಿಟ್ಟು ಮನುಷ್ಯನನ್ನು ಗುಣಪಡಿಸಲಾಗದೆಂಬುದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ.

ಆದರೆ ಮನೆಯನ್ನು ಒಳಗೆ ಕರೆದೊಡನೆ ಹೊಸ ಕಷ್ಟಗಳು ಬಂದವು. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಹದಿನೇಳು ವರ್ಷದ ಹುಡುಗ ಕಾಲೇಜಿಗೆ ಹೋಗಲೊಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಮಲಗಿರುತ್ತಾನೆ. ಅವನನ್ನು ಸರಿಮಾಡಿಕೊಡಿ ಎಂದು ತಂದೆ ಕರೆತರುತ್ತಾನೆ. ಬರುವ ಹಿಂದಿನ ದಿನವೇ ತಾಯಿ ಫೋನು ಮಾಡಿ, ‘ಇವರಿಗೆ ಕೆಲಸ ಹೋಗಿ ಎಂಟು ತಿಂಗಳಾಯಿತು, ಹುಡುಗನಿಗೆ ಗೊತ್ತಿಲ್ಲ. ನಾನು ಹೇಳಿದೆನೆಂದು ಯಾರಿಗೂ ತಿಳಿಯಬಾರದು’ ಎನ್ನುತ್ತಾಳೆ. ಸಲಹೆಗಾರ ‘ಆಗಲಿ’ ಎಂದನೆಂದು ಇಟ್ಟುಕೊಳ್ಳಿ. ಆ ಒಂದು ಮಾತಿನಿಂದ ಅವನು ಕಟ್ಟುಬಿದ್ದ. ಮರುದಿನ ಹುಡುಗ ಅವನ ಮುಖವನ್ನೇ ನೋಡಿ, ‘ಮನೆಯಲ್ಲಿ ಏನೋ ನಡೀತಿದೆ, ನನಗೆ ಯಾರೂ ಹೇಳ್ತಿಲ್ಲ’ ಎಂದಾಗ ಅವನು ಏನು ಮಾಡಬೇಕು? ಸುಮ್ಮನಿದ್ದರೆ ಹುಡುಗನಿಗೆ ಸುಳ್ಳಾದ. ಮಾತನಾಡಿದರೆ ತಾಯಿಗೆ ಮೋಸ ಮಾಡಿದ. ಒಬ್ಬನೊಡನೆ ಕೆಲಸ ಮಾಡುವಾಗ ಗುಟ್ಟನ್ನು ಕಾಪಾಡುವುದು ಮೊದಲ ಧರ್ಮ. ಸಂಸಾರದೊಡನೆ ಕೆಲಸ ಮಾಡುವಾಗ ಅದೇ ಧರ್ಮ ಬಲೆಯಾಗಬಹುದು. ಆದ್ದರಿಂದಲೇ ಬಲ್ಲವರು, ಯಾವ ಗುಟ್ಟನ್ನು ಉಳಿಸಿಕೊಳ್ಳಲಾಗುತ್ತದೆ, ಯಾವುದನ್ನು ಉಳಿಸಿಕೊಳ್ಳಲಾಗುವುದಿಲ್ಲ ಎಂಬುದನ್ನು ಮೊದಲ ದಿನವೇ ಎಲ್ಲರ ಎದುರಿಗೆ ಬಿಚ್ಚಿ ಹೇಳಬೇಕೆನ್ನುತ್ತಾರೆ.

ಇನ್ನೊಂದು ಸಂಗತಿಯಿದೆ, ಅದು ಇದಕ್ಕಿಂತ ಮುಖ್ಯವಾದದ್ದು. ಒಂಟಿಯಾಗಿ ಬಂದವನು ಹೇಳಿದ ಮಾತು ಆ ಕೋಣೆಯಲ್ಲಿಯೇ ಉಳಿಯುತ್ತದೆ. ಮನೆಯವರೆಲ್ಲರ ಮುಂದೆ ಸೊಸೆ ಧೈರ್ಯ ಮಾಡಿ ಆಡಿದ ಮಾತು ಅದೇ ಆಟೋದಲ್ಲಿ ಅವಳ ಜೊತೆಗೆ ಮನೆಗೆ ಹೋಗುತ್ತದೆ. ಸಲಹೆಗಾರ ತನ್ನ ಮನೆಗೆ ಹೋಗಿ ಉಂಡು ಮಲಗುತ್ತಾನೆ. ಅವಳು ಆಡಿದ ಮಾತಿನ ಬೆಲೆಯನ್ನು ರಾತ್ರಿ ಅಡುಗೆಮನೆಯಲ್ಲಿ ತೆರಬೇಕಾಗುತ್ತದೆ. ‘ಮನಸ್ಸು ಬಿಚ್ಚಿ ಮಾತನಾಡಿ’ ಎಂದು ಹೇಳುವ ಅಧಿಕಾರ ಸುಮ್ಮನೆ ಬರುವುದಿಲ್ಲ. ಬಿಚ್ಚಿದವರ ಗತಿ ಮುಂದೇನು ಎಂದು ಯೋಚಿಸಿದವನಿಗೆ ಮಾತ್ರ ಅದು ಸಲ್ಲುತ್ತದೆ.

ಅಪರಿಚಿತರ ಗುಂಪಿನ ವಿಷಯದಲ್ಲಿಯೂ ಈ ಎಚ್ಚರ ಬೇಕು. ಗುಂಪಿನಲ್ಲಿ ದೊಡ್ಡ ಶಕ್ತಿಯಿದೆ ಎಂಬುದು ನಿಜ. 1905ರಲ್ಲಿ ಬಾಸ್ಟನ್ ನಗರದ ವೈದ್ಯ ಜೋಸೆಫ್ ಪ್ರ್ಯಾಟ್ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸಿ ಪಥ್ಯಪಾನಗಳ ತರಗತಿ ನಡೆಸಿದ. ಒಂದೇ ಕಷ್ಟದವರು ಒಬ್ಬರಿಗೊಬ್ಬರು ಧೈರ್ಯ ತಂದುಕೊಂಡದ್ದನ್ನು ಅವನು ಅಲ್ಲಿ ಕಂಡ. ಗುಂಪು ಚಿಕಿತ್ಸೆಯ ಚರಿತ್ರೆ ಸಾಮಾನ್ಯವಾಗಿ ಅಲ್ಲಿಂದ ಪ್ರಾರಂಭವಾಗುತ್ತದೆ. ಆದರೆ ಅದೇ ಶಕ್ತಿ ಕೆಡುಕನ್ನೂ ಮಾಡಬಲ್ಲದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸೇರಿದ್ದ ಗುಂಪುಗಳನ್ನು ಲೀಬರ್‌ಮನ್, ಯಾಲಮ್, ಮೈಲ್ಸ್ ಎಂಬ ಮೂವರು ಪರೀಕ್ಷಿಸಿ 1973ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕೆಲವರು ಗುಂಪಿನಿಂದ ಹೊರಬಂದಾಗ ಮೊದಲಿಗಿಂತ ಕುಗ್ಗಿದ್ದರು. ಜನರನ್ನು ಕೆಣಕಿ, ಒತ್ತಾಯದಿಂದ ಬಾಯಿಬಿಡಿಸುವ ವರ್ಚಸ್ವಿ ನಾಯಕರ ಗುಂಪುಗಳಲ್ಲಿ ಇಂಥವರು ಹೆಚ್ಚು. ವರ್ಚಸ್ಸು ಬೇರೆ, ವಿದ್ಯೆ ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈಗ ಮೂಲ ಪ್ರಶ್ನೆಗೆ ಬರೋಣ. ಯಾರಿಗೆ ಆಪ್ತ? ‘ಯಾರಿಗೂ ಅಲ್ಲ, ತಟಸ್ಥನಾಗಿರು’ ಎಂಬುದು ಮೊದಲು ತೋರುವ ಉತ್ತರ. ಇಟಲಿಯ ಮಿಲಾನಿನಲ್ಲಿ ಸೆಲ್ವಿನಿ ಪಾಲಾಟ್ಸೋಲಿ ಮತ್ತು ಅವಳ ಸಹೋದ್ಯೋಗಿಗಳು 1980ರಲ್ಲಿ ಬರೆದ ಲೇಖನವೊಂದರಲ್ಲಿ ಇದನ್ನು ಒಂದು ತತ್ತ್ವವಾಗಿ ನಿರೂಪಿಸಿದರು. ಮಾತುಕತೆ ಮುಗಿದ ಮೇಲೆ, ಸಲಹೆಗಾರ ಯಾರ ಕಡೆಗಿದ್ದ ಎಂದು ಮನೆಯವರನ್ನು ಕೇಳಿದರೆ ಅವರಿಗೆ ಉತ್ತರ ತೋಚಬಾರದು. ಹಾಗಿರಬೇಕು ಅವನ ನಡತೆ. ಇದರಲ್ಲಿ ಒಂದು ಘನತೆಯಿದೆ. ತೀರ್ಪು ಕೊಡುವ ಚಪಲವನ್ನು ಇದು ತಡೆಯುತ್ತದೆ.

ಆದರೆ ‘ತಟಸ್ಥ’ ಎಂಬ ಪದವನ್ನೂ ಬಿಡಿಸಿ ನೋಡಬೇಕು. ತಟಸ್ಥನೆಂದರೆ ದಡದಲ್ಲಿ ನಿಂತವನು. ಇಬ್ಬರು ಈಜುಗಾರರು ಪಂದ್ಯ ಕಟ್ಟಿದ್ದರೆ ದಡದಲ್ಲಿ ನಿಲ್ಲುವುದು ನ್ಯಾಯ. ಒಬ್ಬನು ಇನ್ನೊಬ್ಬನ ತಲೆಯನ್ನು ನೀರಿನಲ್ಲಿ ಅದುಮುತ್ತಿದ್ದರೆ ದಡದಲ್ಲಿ ನಿಂತವನು ಯಾರ ಕಡೆಗೂ ಇಲ್ಲವೆಂದು ಹೇಳಲಾದೀತೆ? ಮನೆಯೆಂಬುದು ಸಮತಟ್ಟಾದ ನೆಲವಲ್ಲ. ದುಡಿಮೆಯ ಹಣ ಯಾರ ಕೈಯಲ್ಲಿದೆ, ಮನೆ ಯಾರ ಹೆಸರಿನಲ್ಲಿದೆ, ಹೊರಟು ಹೋದರೆ ಯಾರಿಗೆ ಆಸರೆಯಿದೆ ಎಂಬುದರ ಮೇಲೆ ಅದರಲ್ಲಿ ಏರುತಗ್ಗುಗಳಿವೆ. ಏರುತಗ್ಗಿನ ನೆಲದ ಮೇಲೆ ತಕ್ಕಡಿಯನ್ನು ನೇರವಾಗಿ ಹಿಡಿದೆನೆಂದರೆ ಸಾಲದು. ಅಮೆರಿಕದ ಮನಶ್ಶಾಸ್ತ್ರಜ್ಞೆ ರೇಚಲ್ ಹೇರ್-ಮಸ್ಟಿನ್ 1978ರಲ್ಲಿಯೇ ಈ ಆಕ್ಷೇಪಣೆಯನ್ನು ಎತ್ತಿದ್ದಳು. ಗಂಡುಹೆಣ್ಣುಗಳ ನಡುವಿನ ಅಸಮಾನತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸಂಸಾರವನ್ನು ‘ಸರಿಮಾಡಲು’ ಹೊರಟರೆ ಹಳೆಯ ವ್ಯವಸ್ಥೆಯನ್ನೇ ಗಟ್ಟಿಮಾಡಿದಂತಾಗುತ್ತದೆ ಎಂಬುದು ಅವಳ ವಾದದ ಸಾರ.

ಹಾಗಾದರೆ ದುರ್ಬಲರ ಪಕ್ಷವನ್ನು ಹಿಡಿದುಬಿಡಬೇಕೆ? ಇದೂ ಅಷ್ಟು ಸರಳವಲ್ಲ. ಸೊಸೆಯ ಪಕ್ಷವಹಿಸಿ ಅತ್ತೆಯನ್ನು ಗದರಿಸಿದ ಸಲಹೆಗಾರನಿಗೆ, ಆ ಅತ್ತೆಯೂ ನಲವತ್ತು ವರ್ಷದ ಹಿಂದೆ ಅದೇ ಮನೆಯ ಸೊಸೆಯಾಗಿದ್ದವಳು ಎಂಬುದು ಕಾಣುವುದೇ ಇಲ್ಲ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮನೋವೈದ್ಯ ಇವಾನ್ ಬೊಸೊರ್ಮೆನಿ-ನಾಜ್ ಇಲ್ಲಿ ಒಂದು ಮೂರನೆಯ ದಾರಿಯನ್ನು ತೋರಿಸಿದ. ತಾಟಸ್ಥ್ಯದ ಬದಲಿಗೆ ಅವನು ಕೇಳಿದ್ದು ಪಕ್ಷಪಾತವನ್ನು. ಆದರೆ ಎಲ್ಲರ ಕಡೆಗೂ ಹರಿಯುವ ಪಕ್ಷಪಾತವನ್ನು. ಸಲಹೆಗಾರ ಸರದಿಯಂತೆ ಒಬ್ಬೊಬ್ಬರ ಪಕ್ಕದಲ್ಲಿಯೂ ನಿಂತು, ಅವರಿಗೆ ಸಲ್ಲಬೇಕಾದದ್ದು ಏನು, ಅವರಿಂದ ಬರಬೇಕಾದದ್ದು ಏನು ಎಂದು ಅವರ ಕಣ್ಣಿನಿಂದ ನೋಡಬೇಕು. ಆ ಕೋಣೆಯಲ್ಲಿ ಇಲ್ಲದವರ, ಇನ್ನೂ ಹುಟ್ಟದವರ ಲೆಕ್ಕವನ್ನೂ ಇಡಬೇಕು. ತಪ್ಪು ಮಾಡಿದವನನ್ನೂ ಅವನ ಹೊಣೆಯಿಂದ ಬಿಡಿಸದೆ ಮನುಷ್ಯನೆಂದು ಕಾಣಬೇಕು. ಹೊಡೆಯುವವನ ಬಾಲ್ಯದ ಕಥೆಯನ್ನು ಮರುಕದಿಂದ ಕೇಳಬಹುದು; ಆ ಕಥೆ ಹೊಡೆತಕ್ಕೆ ಸಮರ್ಥನೆಯಾಗಲಾರದು. ಅರ್ಥಮಾಡಿಕೊಳ್ಳುವುದಕ್ಕೂ ಒಪ್ಪಿಕೊಳ್ಳುವುದಕ್ಕೂ ಇರುವ ಈ ಅಂತರವನ್ನು ಉಳಿಸಿಕೊಳ್ಳಲಾರದವನು ಈ ಕೆಲಸಕ್ಕೆ ಬರಬಾರದು.

ನಮ್ಮ ಕಾನೂನಿನಲ್ಲಿಯೂ ಈ ಎಳೆದಾಟ ಕಾಣುತ್ತದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ, ಸಾಧ್ಯವಿರುವ ಕಡೆ ಮೊದಲು ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯವೆಂದು ವಿಧಿಸಿತು. ಅದಕ್ಕೆ ನೆರವಾಗಲು ಸಲಹೆಗಾರರನ್ನೂ ಒದಗಿಸಿತು. 2005ರಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆ ಬಂದಿತು. ಆ ಕಾಯಿದೆಯಲ್ಲಿಯೂ ಆಪ್ತಸಲಹೆಗೆ ಸ್ಥಾನವಿದೆ. ಆದರೆ 2006ರ ನಿಯಮಗಳು ಅದಕ್ಕೊಂದು ಗೆರೆ ಎಳೆದವು: ಹಿಂಸೆಯ ಆಪಾದನೆಗೆ ಗುರಿಯಾದವನು ಸಲಹೆಯ ಕಾಲದಲ್ಲಿ ತನ್ನ ಕೃತ್ಯಕ್ಕೆ ಸಮರ್ಥನೆ ಹೇಳಿಕೊಳ್ಳುವಂತಿಲ್ಲ, ಈ ಮಾತನ್ನು ಅವನಿಗೆ ಮೊದಲೇ ತಿಳಿಸಬೇಕು. ‘ಅವಳೂ ಎದುರು ಮಾತಾಡಿದಳು’ ಎಂಬ ಹಳೆಯ ವಾದಕ್ಕೆ ಅಲ್ಲಿ ಬಾಗಿಲು ಹಾಕಿದೆ. ಎಲ್ಲರ ಮಾತನ್ನೂ ಕೇಳಬೇಕೆಂಬುದು ಧರ್ಮವಾದರೆ, ಕೆಲವು ಮಾತುಗಳು ಚರ್ಚೆಗೆ ಅರ್ಹವಲ್ಲ ಎಂಬುದೂ ಧರ್ಮವೇ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದೇ ವಿವೇಕ.

ಈ ವಿವೇಕವನ್ನು ಕಲಿಸುವುದು ಸಾಧ್ಯವೆ? ಅದು ಹುಟ್ಟುಗುಣ, ತರಗತಿಯಲ್ಲಿ ಬರುವುದಲ್ಲ ಎನ್ನುವವರಿದ್ದಾರೆ. ಉಪನ್ಯಾಸ ಕೇಳಿ, ನೋಟ್ಸು ಬರೆದುಕೊಂಡು, ಪರೀಕ್ಷೆಯಲ್ಲಿ ಮೂರು ಗಂಟೆ ಬರೆಯುವುದರಿಂದ ಬರುವುದಿಲ್ಲ ಎಂಬುದು ನಿಜ. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಇದು ಚೆನ್ನಾಗಿ ಗೊತ್ತು: ಕರುಣರಸದ ಲಕ್ಷಣವನ್ನು ತಪ್ಪಿಲ್ಲದೆ ಬರೆದು ಮೊದಲ ದರ್ಜೆ ಪಡೆದವನಿಗೆ ಪಕ್ಕದ ಬೆಂಚಿನವನ ಕಣ್ಣೀರು ಕಾಣದಿರಬಹುದು. ಆದರೆ ಕಲಿಸುವುದಕ್ಕೆ ಉಪನ್ಯಾಸವೊಂದೇ ದಾರಿಯಲ್ಲ. ಸಂಗೀತವನ್ನು ಹೇಗೆ ಕಲಿಸುತ್ತಾರೆ? ಶಿಷ್ಯ ಗುರುವಿನ ಮುಂದೆ ಕುಳಿತು ಹಾಡುತ್ತಾನೆ. ಸ್ವರ ಜಾರಿದ ಕಡೆ ಗುರು ಅಲ್ಲಿಯೇ ತಡೆಯುತ್ತಾನೆ. ಶಿಷ್ಯ ಮತ್ತೆ ಹಾಡುತ್ತಾನೆ.

ಇಂಥ ಪಾಠವನ್ನು ಈ ವಿದ್ಯೆಯಲ್ಲಿಯೂ ಮಾಡಿ ತೋರಿಸಿದವರಿದ್ದಾರೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಾಲ್ವಡೋರ್ ಮಿನೂಚಿನ್, ಜೇ ಹೇಲಿ, ಬ್ರೌಲಿಯೋ ಮೊಂಟಾಲ್ವೋ ಎಂಬುವರು ಬಡ ಕೇರಿಗಳಿಂದ, ಕಾಲೇಜಿನ ಪದವಿಯಿಲ್ಲದವರನ್ನು ಆರಿಸಿ ಸಂಸಾರಗಳ ಸಲಹೆಗಾರರನ್ನಾಗಿ ತರಬೇತುಗೊಳಿಸಿದರು. ಕಲಿಯುವವನು ಕೋಣೆಯಲ್ಲಿ ಒಂದು ಕುಟುಂಬದೊಡನೆ ಮಾತನಾಡುತ್ತಿರುವನು. ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ಗುರುಗಳು ಕುಳಿತು ನೋಡುತ್ತಿರುವರು. ಕುಟುಂಬಕ್ಕೆ ಅಪಾಯವಾಗುವ ಹಾಗೆ ಕಂಡರೆ, ಕಲಿಯುವವನು ದಾರಿ ತಪ್ಪಿದರೆ, ಆಗಲೇ ಫೋನಿನಲ್ಲಿ ಎಚ್ಚರಿಸುವರು. ತಪ್ಪು ಮನೆಯವರ ತಲೆಯ ಮೇಲೆ ಬೀಳುವ ಮೊದಲೇ ತಿದ್ದಿಕೊಳ್ಳುವ ಅವಕಾಶ ಇದರಲ್ಲಿದೆ. ಯಾರೋ ನೋಡುತ್ತಿದ್ದಾರೆಂಬುದು ಮನೆಯವರಿಗೂ ತಿಳಿದು, ಅವರ ಒಪ್ಪಿಗೆಯೂ ಇರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಪಾಠ ಇನ್ನೂ ಕಷ್ಟದ್ದು. ಮರ್ರೇ ಬೋವೆನ್ ಎಂಬ ಮನೋವೈದ್ಯ 1967ರಲ್ಲಿ ವಿದ್ವಾಂಸರ ಸಭೆಯೊಂದರಲ್ಲಿ, ಶಾಸ್ತ್ರದ ಪ್ರಬಂಧ ಓದುವ ಬದಲು, ತನ್ನ ಸ್ವಂತ ತಂದೆತಾಯಿ ಒಡಹುಟ್ಟಿದವರ ನಡುವೆ ತಾನು ನಡೆದುಕೊಂಡ ಬಗೆಯನ್ನು ವಿವರಿಸಿದ. 1972ರಲ್ಲಿ ಅದು ಅಚ್ಚಾದಾಗ ಲೇಖಕನ ಹೆಸರನ್ನು ಹಾಕಿರಲಿಲ್ಲ. ತನ್ನ ಶಿಷ್ಯರಿಗೂ ಅವನು ಇದನ್ನೇ ವಿಧಿಸಿದ: ಪರರ ಮನೆಯನ್ನು ಬಿಡಿಸುವ ಮೊದಲು ನಿಮ್ಮ ಮನೆಯಲ್ಲಿ ನೀವು ಹೇಗಿದ್ದೀರಿ ನೋಡಿಕೊಳ್ಳಿ. ಸಂಸಾರದ ಸಲಹೆಗಾರನಿಗೆ ತನ್ನದೂ ಒಂದು ಸಂಸಾರವಿರುತ್ತದೆ. ತಂದೆಗೆ ಹೆದರಿ ಬೆಳೆದವನು ಎದುರಿಗೆ ಕುಳಿತ ಪ್ರತಿಯೊಬ್ಬ ಯಜಮಾನನಲ್ಲಿಯೂ ತನ್ನ ತಂದೆಯನ್ನೇ ಕಂಡು, ಮಗನ ಪಕ್ಷಕ್ಕೆ ಓಡುತ್ತಾನೆ. ಅದನ್ನು ನ್ಯಾಯಪರತೆಯೆಂದೂ ಭ್ರಮಿಸುತ್ತಾನೆ.

2021ರಲ್ಲಿ ನಮ್ಮ ಸಂಸತ್ತು ಆರೋಗ್ಯಕ್ಕೆ ಸಂಬಂಧಿಸಿದ ಹಲವು ವೃತ್ತಿಗಳ ಶಿಕ್ಷಣಕ್ಕೂ ನಡತೆಗೂ ಒಂದು ಮಟ್ಟವನ್ನು ಗೊತ್ತುಪಡಿಸಲು ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಮಾಡಿತು. ಹಲವು ಬಗೆಯ ಸಲಹೆಗಾರರೂ ಅದರ ಪಟ್ಟಿಯಲ್ಲಿದ್ದಾರೆ. ಬೇಕಾದ ಕೆಲಸವೇ. ಆದರೆ ಎಷ್ಟು ಗಂಟೆಯ ಪಾಠ, ಎಷ್ಟು ಅಂಕ ಎಂಬುದನ್ನು ಮಾತ್ರ ಅಳೆದರೆ ಅಸಲು ವಿಷಯ ತಪ್ಪಿಹೋಗುತ್ತದೆ. ಕಲಿಯುವವನ ಕೆಲಸವನ್ನು ಬಲ್ಲವರು ಕಣ್ಣಾರೆ ನೋಡಿ ತಿದ್ದಿದ್ದಾರೆಯೆ, ಅವನು ತನ್ನ ಮನೆಯನ್ನು ತಾನು ಅರಿತಿದ್ದಾನೆಯೆ ಎಂಬ ಎರಡು ಪ್ರಶ್ನೆಗಳನ್ನು ಯಾವ ಪ್ರಮಾಣಪತ್ರವೂ ಬಿಡಬಾರದು. ಇದಕ್ಕೆ ಕಾಲ ಬೇಕು, ಹಣ ಬೇಕು, ಕಲಿಸುವವರಿಗೆ ತಾಳ್ಮೆ ಬೇಕು. ಅಗ್ಗವಾಗಿ ಬೇಗ ಬೇಗ ತಯಾರಾದ ಸಲಹೆಗಾರರ ಖರ್ಚನ್ನು ಕೊನೆಗೆ ಕೊಡಬೇಕಾದವರು ಸಂಸಾರಗಳು. ಸಂಸಾರದಲ್ಲಿಯೂ ಮೊದಲಿಂದ ಕೊಡುತ್ತ ಬಂದವರೇ.

‘ಸಮಾಲೋಚನೆ’ ಎಂಬ ಇನ್ನೊಂದು ಪದವೂ ಈ ಕೆಲಸಕ್ಕೆ ಬಳಕೆಯಲ್ಲಿದೆ. ಸಂಸಾರದ ಮಟ್ಟಿಗೆ ಅದೇ ಹೆಚ್ಚು ಹೊಂದುತ್ತದೆಯೋ ಏನೋ. ಕೂಡಿ ಆಲೋಚಿಸುವುದು ಎಂಬ ಭಾವ ಅದರಲ್ಲಿದೆ. ಆದರೂ ‘ಆಪ್ತ’ವನ್ನು ಬಿಡಲು ಮನಸ್ಸು ಬಾರದು. ಅದರ ಹಳೆಯ ಅರ್ಥವನ್ನು ನೆನೆದುಕೊಂಡರೆ ಸಾಕು. ಸಂಸಾರದ ಎದುರಿಗೆ ಕುಳಿತವನು ಯಾರಿಗೂ ‘ಬೇಕಾದವನು’ ಆಗಬೇಕಾಗಿಲ್ಲ. ಅವನು ಕಂಡದ್ದನ್ನು ಕಂಡ ಹಾಗೆ ಹೇಳುತ್ತಾನೆ, ಒಬ್ಬರ ಕಿವಿಯಲ್ಲಿ ಒಂದು, ಇನ್ನೊಬ್ಬರ ಕಿವಿಯಲ್ಲಿ ಇನ್ನೊಂದು ಹೇಳುವುದಿಲ್ಲ ಎಂಬ ನಂಬಿಕೆ ಎಲ್ಲರಿಗೂ ಬಂದರೆ ಅವನು ಆಪ್ತನೇ. ಆ ನಂಬಿಕೆ ನಿಜವೋ ಹುಸಿಯೋ ಎಂಬುದಕ್ಕೆ ಸಾಕ್ಷಿ ಅವನ ಕೋಣೆಯಲ್ಲಿ ಸಿಗುವುದಿಲ್ಲ. ಎಲ್ಲರಿಗಿಂತ ಮೆಲ್ಲಗೆ ಮಾತನಾಡಿದವಳು ಆ ರಾತ್ರಿ ಮನೆಯಲ್ಲಿ ನೆಮ್ಮದಿಯಾಗಿ ನಿದ್ರೆ ಮಾಡಿದಳೆ? ಅಷ್ಟನ್ನು ಕೇಳಿದರೆ ಸಾಕು.